ಯಾವ ಊರಿನ ಹಾವು?



ಕೆಲವು ವರ್ಷಗಳ ಹಿಂದೆ ಹನೂರು ಕಡೆಯ ರೈತರೊಬ್ಬರು ಯೂರಿಯಾ ಚೀಲದಲ್ಲಿ ಸತ್ತ ಹಾವೊಂದನ್ನು ತಂದು ನನ್ನ ಮುಂದೆ ಸುರಿದರು. ಅದು ಅವರ ಮಗನಿಗೆ ಕಚ್ಚಿತ್ತು. ಮಬ್ಬು ಮೈ, ಬಿಳಿ ಪಟ್ಟೆ. ಕಟ್ಟುಹಾವೇ ಎಂದು ಮನೆಯವರೆಲ್ಲ ಅಳುತ್ತಿದ್ದರಂತೆ. ಬೆನ್ನಿನ ನಡುಸಾಲಿನ ಹುರುಪೆ ನೋಡಿದೆ. ಕಟ್ಟುಹಾವಾದರೆ ಆ ಸಾಲು ಅಗಲವಾಗಿ, ಜೇನುಗೂಡಿನ ಕೋಣೆಗಳ ಹಾಗೆ ಆರು ಮೂಲೆಯದಾಗಿರುತ್ತದೆ. ಪಟ್ಟೆಗಳು ಕತ್ತಿನ ಬಳಿ ಮಸುಕು, ಬಾಲದತ್ತ ಸ್ಪಷ್ಟ. ಇಲ್ಲಿ ಅಗಲದ ಸಾಲಿರಲಿಲ್ಲ, ಪಟ್ಟೆ ಕತ್ತಿನಿಂದಲೇ ಎದ್ದು ಕಾಣುತ್ತಿತ್ತು. ತೋಳದ ಹಾವು, ವಿಷವಿಲ್ಲದ್ದು. ಹುಡುಗನನ್ನು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡು ಬೆಳಿಗ್ಗೆ ಮನೆಗೆ ಕಳಿಸಿದರು. (ಹಾವನ್ನು ಕೊಂದು ತರಲು ಹೋಗಬೇಡಿ. ದೂರದಿಂದ ತೆಗೆದ ಮೊಬೈಲ್ ಫೋಟೊ ಸಾಕು. ಕತ್ತರಿಸಿದ ತಲೆಯೂ ಕಚ್ಚುತ್ತದೆ.)

ಹಾವಿನ ಹೆಸರು ಮ್ಯೂಸಿಯಮ್ಮಿನ ಶೀಶೆಗೆ ಅಂಟಿಸುವ ಚೀಟಿ ಮಾತ್ರವೇ ಎಂದು ಯಾರಾದರೂ ಕೇಳಿದರೆ ನನಗೆ ಆ ಚೀಲ ನೆನಪಾಗುತ್ತದೆ. ಕೊಳ್ಳೇಗಾಲದ ಎರಡು ದಿನದ ಈ ಸಂಕಿರಣದ ಆಶಯವೂ ಅದೇ ಚೀಲದಲ್ಲಿದೆ.

ನಮ್ಮ ಕಾಳಿಂಗ ಸರ್ಪದ ಕಥೆಯನ್ನೇ ತೆಗೆದುಕೊಳ್ಳಿ. 1836ರಲ್ಲಿ ಥಿಯೋಡರ್ ಕ್ಯಾಂಟರ್ ಬಂಗಾಳದ ಸುಂದರಬನದ ಹಾವನ್ನು ನೋಡಿ ಅದಕ್ಕೆ 'ಹನ್ನಾ' ಎಂದು ಹೆಸರಿಟ್ಟ. ಆಮೇಲೆ ಆಗುಂಬೆಯದ್ದಾಗಲಿ ಫಿಲಿಪ್ಪೀನ್ಸಿನದ್ದಾಗಲಿ ಎಲ್ಲವೂ ಹನ್ನಾ. 2005ರಲ್ಲಿ ಹಾವುಗಳ ಸಂಶೋಧಕ ಪಿ. ಗೌರಿಶಂಕರ್ ಅವರಿಗೆ ಕಾಳಿಂಗ ಕಚ್ಚಿತು. ಅದಕ್ಕೆ ಭಾರತದಲ್ಲಿ ಪ್ರತಿವಿಷವೇ ಇರಲಿಲ್ಲ. ಥೈಲ್ಯಾಂಡಿನದ್ದು ಕೊಟ್ಟರೂ ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ಹಾವು ಒಂದೇ ಆಗಿದ್ದರೆ ಮದ್ದು ಯಾಕೆ ನಾಟಲಿಲ್ಲ? ಬದುಕಿ ಬಂದವರು ಈ ಪ್ರಶ್ನೆಯ ಬೆನ್ನು ಬಿಡಲಿಲ್ಲ. 2021ರಲ್ಲಿ ಡಿಎನ್‌ಎ ನಾಲ್ಕು ಕವಲು ತೋರಿಸಿತು. 2024ರಲ್ಲಿ ಹುರುಪೆ, ಹಲ್ಲು, ಮೈಪಟ್ಟೆಗಳನ್ನೂ ಲೆಕ್ಕಕ್ಕೆ ತಂದು ಅವರ ತಂಡ ನಾಲ್ಕು ಪ್ರಭೇದಗಳೆಂದು ಬರೆಯಿತು. ಸಹ್ಯಾದ್ರಿಯದ್ದರ ಮೇಲೆ 40ಕ್ಕಿಂತ ಕಡಿಮೆ ಪಟ್ಟೆ. ಹನ್ನಾಕ್ಕೆ 50ರಿಂದ 70. ನಮ್ಮದರ ಹೊಸ ಹೆಸರು 'ಒಫಿಯೋಫಾಗಸ್ ಕಾಳಿಂಗ'. ಮಲೆನಾಡಿನ ಅಜ್ಜಿ ಕೊಟ್ಟಿಗೆಯ ಹಿಂದೆ ನಿಂತು ಕೂಗುವ ಹೆಸರು 188 ವರ್ಷ ತಡವಾಗಿ ಲ್ಯಾಟಿನ್ ಪಟ್ಟಿ ಸೇರಿತು. ತಡವಾಯಿತೆಂದು ನನಗೆ ಬೇಸರವಿಲ್ಲ, ಸ್ವಲ್ಪ ಜಂಬವೇ ಇದೆ.

ಇನ್ನು ನಮ್ಮ ಬೆಟ್ಟಗಳ ಮಾತು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳನ್ನು ಪಶ್ಚಿಮ ಘಟ್ಟ, ಪೂರ್ವ ಘಟ್ಟಗಳ ನಡುವಿನ ಸೇತುವೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅದು ಹಾವಿಗೂ ಸೇತುವೆಯೆ? ಬಿದಿರು ಮೆಳೆಯಲ್ಲಿ ಸುತ್ತಿಕೊಂಡು ಕೂರುವ ಹಸಿರು ಮಂಡಲದ ಮೊದಲ ವರ್ಣನೆ ಪ್ಯಾಟ್ರಿಕ್ ರಸೆಲ್ 1796ರ ಪುಸ್ತಕದಲ್ಲಿ ವಿಶಾಖಪಟ್ಟಣದಿಂದ ಮಾಡಿದ್ದು. 2021ರಲ್ಲಿ ಈ ಗುಂಪನ್ನು ಬಿಡಿಸಿದಾಗ ಸಹ್ಯಾದ್ರಿಯ ಹಾವಿಗೆ 'ಪಡುವಣದ್ದು' ಎಂಬರ್ಥದ ಹಳೆಯ ಹೆಸರು, ಆಕ್ಸಿಡೆಂಟಾಲಿಸ್, ಮರಳಿ ಬಂತು. ಮೂಡಣದ್ದು ಗ್ರಾಮಿನಿಯಸ್ ಆಗಿ ಉಳಿಯಿತು. ವಿದ್ಯಾರ್ಥಿಗಳೆ, ಎರಡರ ನಡುವೆ ನಿಂತಿರುವ ಯಳಂದೂರಿನ ಮೆಳೆಗಳಲ್ಲಿರುವುದು ಯಾವುದೆಂದು ಹುಡುಕುವುದು ನಿಮ್ಮ ಕೆಲಸ. ಬೇಲಿಯ ಮೇಲಿನ ಹಸಿರು ಹಾವು, ಕಣ್ಣು ಕುಕ್ಕುತ್ತದೆ ಎಂದು ನಾವು ಸುಮ್ಮನೆ ಹೆದರುವುದು, ಅದರ ಹೆಸರೂ 2020ರಲ್ಲಿ ಬದಲಾಯಿತು: 'ನಸೂಟ' ಶ್ರೀಲಂಕಾದ ಪಾಲಾಯಿತು, ನಮ್ಮ ಬಯಲಿನದ್ದು 'ಆಕ್ಸಿರಿಂಕಾ'.

ಊರಿನ ಪ್ರಶ್ನೆ ಮದ್ದಿನಲ್ಲೂ ಇದೆ. ಆಸ್ಪತ್ರೆಯ ಪ್ರತಿವಿಷ ನಾಗರ, ಕಟ್ಟುಹಾವು, ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಅದಕ್ಕೆ ಬೇಕಾದ ವಿಷದ ಬಹುಪಾಲು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ ಬರುತ್ತಿತ್ತು. ಆದರೆ ಒಂದೇ ಮಂಡಲದ ವಿಷ ಊರಿಂದೂರಿಗೆ ಬೇರೆಯಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಈಗ ಕಡಿತ ದಾಖಲೆಯಾಗುತ್ತದೆ. ಕಚ್ಚಿದ್ದು ಯಾವುದು ಎಂಬ ಜಾಗ ಎಷ್ಟು ಸಲ ತುಂಬುತ್ತದೆ, ವೈದ್ಯ ಮಿತ್ರರು ಹೇಳಬೇಕು.

ಹುಡುಕುವುದಕ್ಕೆ ಹೊರಗಿನವರೇ ಬರಬೇಕಿಲ್ಲ. ಬಿಳಿಗಿರಿಯಲ್ಲೇ ಸಿಕ್ಕ ಕಣಜದ ಹುಳುವೊಂದಕ್ಕೆ 2022ರಲ್ಲಿ ಆ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹೆಸರಿನ ಕುಲವನ್ನೇ ಕಟ್ಟಿದರು. ಹೆಸರು ಕೊಟ್ಟದ್ದು ಸಂತೋಷ. ಮುಂದಿನ ಲೇಖನದಲ್ಲಿ ಸೋಲಿಗರು ಹೆಸರಾಗಿ ಮಾತ್ರವಲ್ಲ, ಲೇಖಕರ ಸಾಲಿನಲ್ಲೂ ಇರಲಿ.

ಹೊರಗಿನ ಮೇಜಿನ ಮೇಲೆ ಮೂರು ಪೊರೆಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದೇವೆ. ಹಾವನ್ನು ಮುಟ್ಟದೆ, ಕೊಲ್ಲದೆ, ಬಿಟ್ಟುಹೋದ ಪೊರೆಯಿಂದಲೇ ಡಿಎನ್‌ಎ ತೆಗೆಯಬಹುದು. ಎರಡರ ಮೇಲೆ ಪೆನ್ಸಿಲ್ಲಿನಲ್ಲಿ ಊರು, ಹೊಲ, ತಾರೀಖು ಇದೆ. ಮೂರನೆಯದು ಎಲ್ಲಕ್ಕಿಂತ ಉದ್ದ, ತಲೆಯಿಂದ ಬಾಲದವರೆಗೆ ಇಡಿಯಾಗಿದೆ. ಅದರ ಮೇಲೆ ಊರಿನ ಹೆಸರಿಲ್ಲ. ತಂದವರು ಈ ಸಭೆಯಲ್ಲೇ ಇದ್ದಾರೆಂದು ಕೇಳಿದೆ; ಚಹಾಕ್ಕೆ ಮುಂಚೆ ದಯವಿಟ್ಟು ಬಂದು ಬರೆದು ಹೋಗಿ.