ಈಜು ನಿಂತ ಮೇಲೆ

(ಪೂರಿಗಾಲಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ವರ್ಷದ ವರದಿ, ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಅದನ್ನೇ ಮತ್ತೆ ಓದಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಈ ಸಲ ಅರ್ಜಿಗಳನ್ನು ನೋಡುವಾಗ ನಮ್ಮ ಮುಂದೆ ಬಂದ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಹೇಳುತ್ತೇವೆ.

ಅರ್ಜಿಯಲ್ಲಿ 'ಮುಂದೆ ಏನಾಗಬೇಕೆಂದಿದ್ದೀರಿ' ಎಂಬ ಒಂದು ಕಾಲಂ ಇದೆ. ಮಕ್ಕಳು ಅಲ್ಲಿ ಡಾಕ್ಟರ್, ಇಂಜಿನಿಯರ್, ಟೀಚರ್, ಪೊಲೀಸ್ ಎಂದು ಬರೆಯುತ್ತಾರೆ. ಈ ವರ್ಷ ಒಂದು ಅರ್ಜಿಯಲ್ಲಿ 'ಈಜುಗಾರ' ಎಂದಿತ್ತು. ಅದನ್ನು ಬೇರೆ ಪೆನ್ನಿನಿಂದ ಹೊಡೆದುಹಾಕಿ, ದೊಡ್ಡವರ ಕೈಬರಹದಲ್ಲಿ 'ಡಿಪ್ಲೊಮಾ' ಎಂದು ಬರೆಯಲಾಗಿತ್ತು. ತಿದ್ದಿದವರು ತಂದೆಯೋ ಅಣ್ಣನೋ ನಮಗೆ ಗೊತ್ತಿಲ್ಲ. ಅವರು ಮಾಡಿದ್ದು ತಪ್ಪು ಎಂದು ಹೇಳುವ ಧೈರ್ಯವೂ ನಮಗಿಲ್ಲ. ಈಜಿ ಈಜಿ ಇಪ್ಪತ್ತೈದಕ್ಕೆ ದಡ ಹತ್ತಿದ ಮೇಲೆ ಹೊಟ್ಟೆಗೆ ಏನು ಎಂದು ಕೇಳುವುದು ಪೋಷಕರ ಹಕ್ಕು. ಆ ಪ್ರಶ್ನೆಗೆ ನಮಗೆ ತಿಳಿದಷ್ಟು ಉತ್ತರ ಕೊಡಬೇಕೆಂದೇ ಈ ವಿಷಯ ಎತ್ತಿಕೊಂಡಿದ್ದೇವೆ.

ನಮ್ಮ ಕಡೆ ನೀರು ಎಂದರೆ ಆಸೆಯೂ ಹೌದು, ಭಯವೂ ಹೌದು. ಪೂರಿಗಾಲಿಯ ಹೆಸರನ್ನು ಹೊರಗಿನವರು ಹನಿ ನೀರಾವರಿ ಯೋಜನೆಯಿಂದ ಕೇಳಿದ್ದಾರೆ. ಕಾವೇರಿ ನಮಗೆ ದೂರವಿಲ್ಲ. ಬೆನ್ನಿಗೆ ಬೆಂಡು ಕಟ್ಟಿಕೊಂಡು, ಈಗೀಗ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು, ತೋಟದ ಬಾವಿಯಲ್ಲಿ ಕೈಕಾಲು ಬಡಿದು ಕಲಿತವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ಮುತ್ತತ್ತಿಯ ಸುಳಿಗೆ ಸಿಕ್ಕವರ ಸುದ್ದಿ ಕೇಳಿ ಮಕ್ಕಳನ್ನು ಮನೆಯಿಂದ ಹೊರಗೆ ಬಿಡದ ತಾಯಂದಿರೂ ಇದ್ದೀರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ದಿನವನ್ನು ಈ ಜಿಲ್ಲೆ ಮರೆತಿಲ್ಲ. ಮುಳುಗುವ ಬಸ್ಸಿನೊಳಗೆ ಈಜು ಬಂದರೂ ಪ್ರಯೋಜನ ಕಡಿಮೆ, ಅದು ಬೇರೆ ಮಾತು. ಆದರೆ ಅಂದಿನಿಂದ ನಾಲೆಯ ಏರಿಯ ಮೇಲೆ ಹೋಗುವಾಗ ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಳ್ಳುವುದು ನಮ್ಮೆಲ್ಲರಿಗೂ ಅಭ್ಯಾಸವಾಗಿದೆ.

ಮಕ್ಕಳಿಗೆ ಈಜು, ಬಿಲ್ಲುವಿದ್ಯೆ, ಕುದುರೆ ಸವಾರಿ ಕಲಿಸಬೇಕು ಎಂಬ ಮಾತು ಹಜ್ರತ್ ಉಮರ್ ಅವರ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ಕೇಳಿಕೊಂಡು ಬಂದಿದೆ. ಬಿಲ್ಲು, ಕುದುರೆ ಈಗ ಸಿಗುವುದು ಕಷ್ಟ. ನೀರು ಮಾತ್ರ ಮನೆಬಾಗಿಲಲ್ಲೇ ಇದೆ.

ನೀರಿನ ಭಯದಿಂದಲೇ ಶುರುವಾದ ಒಂದು ಜೀವನವನ್ನು ಹೇಳುತ್ತೇವೆ. ನಿಶಾ ಮಿಲೆಟ್ ಅವರ ಹೆಸರನ್ನು ಹಿರಿಯರು ಪತ್ರಿಕೆಗಳಲ್ಲಿ ಓದಿರಬಹುದು. 1982ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಐದು ವರ್ಷದವರಿದ್ದಾಗ ನೀರಿನಲ್ಲಿ ಮುಳುಗಿ ಸ್ವಲ್ಪದರಲ್ಲಿ ಬದುಕಿ ಉಳಿದರು. ಇನ್ನೊಂದು ಮನೆಯಾಗಿದ್ದರೆ ಆ ಮಗುವನ್ನು ಮತ್ತೆ ನೀರಿನ ಹತ್ತಿರ ಬಿಡುತ್ತಿರಲಿಲ್ಲ. ಅವರ ತಂದೆ ಮಾಡಿದ್ದು ಅದಕ್ಕೆ ವಿರುದ್ಧ. ಭಯ ಹೋಗಬೇಕಾದರೆ ಈಜು ಕಲಿಯಲೇಬೇಕು ಎಂದು ಹಟ ಹಿಡಿದು ಕಲಿಸಿದರು. ಪದಕದ ಯೋಚನೆ ಆಗ ಯಾರಿಗೂ ಇರಲಿಲ್ಲ. ಮೊದಲು ಚೆನ್ನೈನಲ್ಲಿ ಕಲಿತು, ಆಮೇಲೆ ಬೆಂಗಳೂರಿಗೆ ಬಂದು, ಶಾಲೆಯಲ್ಲಿ ಓದುತ್ತಿರುವಾಗಲೇ ಕರ್ನಾಟಕದ ಪರವಾಗಿ ಈಜಿದರು. 1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ ಗೆದ್ದರು. 100 ಮೀಟರ್ ಫ್ರೀಸ್ಟೈಲ್ ಅನ್ನು ಒಂದು ನಿಮಿಷದೊಳಗೆ ಈಜಿದ ಮೊದಲ ಭಾರತೀಯ ಮಹಿಳೆ ಅವರು. ಅರ್ಜುನ ಪ್ರಶಸ್ತಿ ಬಂತು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋಗಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ತಮ್ಮ ಹೀಟ್‌ನಲ್ಲಿ ಮೊದಲು ಬಂದರೂ ಸೆಮಿಫೈನಲ್‌ಗೆ ಆ ವೇಗ ಸಾಲಲಿಲ್ಲ.

ಇಲ್ಲಿಯವರೆಗಿನದು ಎಲ್ಲರೂ ಚಪ್ಪಾಳೆ ಹೊಡೆಯುವ ಭಾಗ. ನಾವು ನಿಮ್ಮ ಗಮನಕ್ಕೆ ತರಬೇಕಾದದ್ದು ಮುಂದಿನದು. 2002ರಲ್ಲಿ ಅವರ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಯಿತು. ಮತ್ತೆ ನೀರಿಗಿಳಿದರು. 2004ರ ಅಥೆನ್ಸ್‌ಗೆ ಅರ್ಹತೆ ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿತು. ಅಲ್ಲಿಗೆ ಸ್ಪರ್ಧೆ ಬಿಟ್ಟರು. ಮನೆಯವರ ಮೇಲೆ ಬಿದ್ದಿದ್ದ ಖರ್ಚಿನ ಹೊರೆಯೂ ಅದಕ್ಕೆ ಕಾರಣವಾಗಿತ್ತು. ದೇಶದ ಅತಿ ವೇಗದ ಈಜುಗಾರ್ತಿ ಎನಿಸಿಕೊಂಡವರ ಮನೆಗೇ ಹಣದ ಚಿಂತೆ ಇತ್ತು ಎಂದ ಮೇಲೆ, ಮಳವಳ್ಳಿ ತಾಲ್ಲೂಕಿನ ಒಬ್ಬ ತಂದೆ ಅರ್ಜಿಯಲ್ಲಿ ಗೀಟು ಎಳೆದದ್ದರಲ್ಲಿ ಆಶ್ಚರ್ಯವೇನು?

ಖರ್ಚು ಯಾಕೆ ಅಷ್ಟು ಎಂದು ಕೆಲವರಿಗೆ ಅನ್ನಿಸಬಹುದು, ನೀರಿಗೆ ಯಾರಿಗಾದರೂ ದುಡ್ಡು ಕೊಡಬೇಕೇ ಎಂದು. ಹೊಳೆಯ ಈಜು ಬೇರೆ, ಸ್ಪರ್ಧೆಯ ಈಜು ಬೇರೆ. ನಮ್ಮ ಹುಡುಗರು ಹೊಳೆಯಲ್ಲಿ ತಲೆ ಮೇಲೆತ್ತಿಕೊಂಡು ಈಜುತ್ತಾರೆ. ದಾರಿ ಕಾಣಬೇಕಲ್ಲ! ಕೊಳದಲ್ಲಿ ಮುಖ ನೀರಿನೊಳಗೆ, ಕಣ್ಣು ತಳದ ಕಪ್ಪು ಗೆರೆಯ ಮೇಲೆ. ಉಸಿರಿಗೆ ತಲೆ ಎತ್ತಬಾರದು, ಪಕ್ಕಕ್ಕೆ ಹೊರಳಿಸಬೇಕು, ಏಕೆಂದರೆ ತಲೆ ಎದ್ದರೆ ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. 50 ಮೀಟರ್ ಮುಗಿದಾಗ ನೀರಿನೊಳಗೇ ಲಾಗ ಹೊಡೆದು ಗೋಡೆಯನ್ನು ಒದ್ದು ತಿರುಗಬೇಕು. ಇದನ್ನೆಲ್ಲ ಮೈಗೆ ಹತ್ತಿಸಲು ದಿನಕ್ಕೆ ಕಿಲೋಮೀಟರುಗಟ್ಟಲೆ ಈಜಬೇಕು, ಬೆಳಗ್ಗೆ ಫಜ್ರ್ ಹೊತ್ತಿಗೆ ಒಂದು ಸಲ, ಶಾಲೆ ಬಿಟ್ಟ ಮೇಲೆ ಇನ್ನೊಂದು ಸಲ. ಹಾಗೆ ಈಜುವ ಮಗುವಿಗೆ ಹಸಿವು ದೊಡ್ಡದು. ಹಾಲು, ಮೊಟ್ಟೆ, ಮಾಂಸ ಬೇಕು. ತರಬೇತುದಾರರ ಫೀಸು, ಕೊಳದ ಫೀಸು, ಕನ್ನಡಕ, ಉಡುಪು, ಊರೂರಿಗೆ ಸ್ಪರ್ಧೆಗೆ ಹೋಗಿ ಬರುವ ರೈಲು ಚಾರ್ಜು ಬೇರೆ. ಇಷ್ಟೆಲ್ಲ ಆದ ಮೇಲೆ ಗೆಲುವು ಸೋಲು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೀರ್ಮಾನವಾಗುತ್ತದೆ. ಬೆಂಗಳೂರಿನಲ್ಲಿ ಬಸವನಗುಡಿ, ಸದಾಶಿವನಗರದ ಕೊಳಗಳು ಮನೆಯ ಹತ್ತಿರ ಇದ್ದವರಿಗೇ ಇದು ಕಷ್ಟ. ಇಲ್ಲಿಂದ ಮೈಸೂರಿಗೆ ದಿನಾ ಹೋಗಿ ಬರುವುದು ಹೇಗೆ ಎಂದು ನೀವೇ ಲೆಕ್ಕ ಹಾಕಿ.

ನಿಶಾ ಅವರು ಸ್ಪರ್ಧೆ ಬಿಟ್ಟ ಮೇಲೆ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿನಲ್ಲಿ ತಮ್ಮ ಹೆಸರಿನಲ್ಲೇ ಈಜು ಅಕಾಡೆಮಿ ಕಟ್ಟಿ, ಮಕ್ಕಳಿಗೂ ದೊಡ್ಡವರಿಗೂ ಕಲಿಸುತ್ತ ಬಂದಿದ್ದಾರೆ. ಐದನೇ ವಯಸ್ಸಿನಲ್ಲಿ ಮುಳುಗಿ ಎದ್ದವರು ನೀರಿಗೆ ಹೆದರುವವರಿಗೆ ಕಲಿಸುವುದೆಂದರೆ, ನಮ್ಮ ಲೆಕ್ಕದಲ್ಲಿ ಅದು 14 ಚಿನ್ನಕ್ಕಿಂತ ಕಡಿಮೆಯ ಕೆಲಸವಲ್ಲ.

ಎರಡನೆಯವರು ಶಿಖಾ ಟಂಡನ್. ಇವರೂ ಬೆಂಗಳೂರಿನವರೇ, 1985ರಲ್ಲಿ ಹುಟ್ಟಿದವರು. ತಮ್ಮನಿಗೆ ಅಸ್ತಮಾ ಇತ್ತು. ಈಜಿದರೆ ಒಳ್ಳೆಯದೆಂದು ಅವನನ್ನು ಕೊಳಕ್ಕೆ ಕರೆದುಕೊಂಡು ಹೋದಾಗ ಅಕ್ಕನೂ ಜೊತೆಗೆ ಇಳಿದಳು. ಹಾಗೆ ಇಳಿದ ಹುಡುಗಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್, 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಸ್ಪರ್ಧಿಸಿದಳು. 2005ರಲ್ಲಿ ಅರ್ಜುನ ಪ್ರಶಸ್ತಿ. ಆಮೇಲೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯಕ್ಕೆ ಹೋಗಿ ಜೀವವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಕ್ರೀಡಾಪಟುಗಳು ನಿಷೇಧಿತ ಮದ್ದು ಸೇವಿಸದಂತೆ ನೋಡಿಕೊಳ್ಳುವ ಅಮೆರಿಕದ ಸಂಸ್ಥೆಯಲ್ಲಿ, ಅದರ ವಿಜ್ಞಾನ ವಿಭಾಗದಲ್ಲಿ, ಕೆಲಸ ಮಾಡಿದರು. ಈಜುಗಾರ್ತಿಯಾಗಿದ್ದಾಗ ಕಲಿತದ್ದೂ ತರಗತಿಯಲ್ಲಿ ಓದಿದ್ದೂ ಎರಡೂ ಒಂದೇ ಮೇಜಿನ ಮೇಲೆ ಉಪಯೋಗಕ್ಕೆ ಬಂದವು. ಇಲ್ಲಿ ಗಮನಿಸಬೇಕಾದ್ದು: ಈಜು ನಿಂತ ಮೇಲೆ ಅವರು ಒಂದನೇ ಪಾಠದಿಂದ ಶುರು ಮಾಡಲಿಲ್ಲ. ಈಜುತ್ತಿದ್ದ ದಿನಗಳಲ್ಲೂ ಪುಸ್ತಕ ಮುಚ್ಚಿರಲಿಲ್ಲ.

ನಮ್ಮ ನೆರೆಯ ಕೊಲ್ಹಾಪುರದ ವೀರಧವಲ್ ಖಾಡೆ ಅವರ ದಾರಿ ಇನ್ನೂ ಸಂಕಟದ್ದು. ಬೆಂಗಳೂರಿನಲ್ಲಿ ತರಬೇತಿ ಪಡೆದು 2008ರಲ್ಲಿ ಹದಿಹರೆಯದಲ್ಲೇ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದವರು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ 50 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ಗೆದ್ದರು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ 24 ವರ್ಷಗಳ ಮೇಲೆ ಈಜಿನಲ್ಲಿ ನಮಗೆ ಬಂದ ಪದಕ ಅದು. ಮಹಾರಾಷ್ಟ್ರ ಸರ್ಕಾರ ಅವರಿಗೆ ತಹಶೀಲ್ದಾರ್ ಹುದ್ದೆ ಕೊಟ್ಟಿತು. ಇದನ್ನು ಕೇಳಿದ ಪೋಷಕರ ಮುಖ ಅರಳುತ್ತದೆ, ಅರಳಬೇಕಾದ್ದೇ. ಆದರೆ ಕಚೇರಿಯ ಕೆಲಸದ ನಡುವೆ ಕೊಳಕ್ಕೆ ಇಳಿಯುವುದು ಸುಲಭವಾಗಲಿಲ್ಲ, ಒಳ್ಳೆಯ ವರ್ಷಗಳು ಅಲ್ಲೇ ಕಳೆದವು. ಮತ್ತೆ ಕಷ್ಟಪಟ್ಟು ತಯಾರಾಗಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.01 ಸೆಕೆಂಡಿನಲ್ಲಿ. ಅನ್ನಕ್ಕೆ ಬೇಕಾದದ್ದು ಸಿಕ್ಕಿತು, ಆದರೆ ಬೇಗ ಸಿಕ್ಕಿತು ಎನ್ನಬೇಕೋ ಏನೋ. ಇದಕ್ಕೆ ಸುಲಭದ ಪರಿಹಾರ ನಮಗೆ ಕಾಣುವುದಿಲ್ಲ.

ಹೆಣ್ಣುಮಕ್ಕಳ ಪೋಷಕರು ಕೇಳುವ ಪ್ರಶ್ನೆಯೂ ಇದೆ: ನಮ್ಮ ಮನೆಯ ಹುಡುಗಿ ಕೊಳಕ್ಕೆ ಇಳಿಯುವುದು ಹೇಗೆ ಎಂದು. ಉಡುಪಿನ ವಿಷಯವನ್ನು ಆಯಾ ಮನೆಯವರೇ ತೀರ್ಮಾನಿಸಬೇಕು, ನಾವು ತಲೆ ಹಾಕುವುದಿಲ್ಲ. ಮಹಿಳೆಯರಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಇರುವ ಕೊಳಗಳು ಇವೆ, ವಿಚಾರಿಸಿದರೆ ಗೊತ್ತಾಗುತ್ತದೆ. ಈಜಿಪ್ಟಿನ ರಾನಿಯಾ ಎಲ್ವಾನಿ ಎಂಬವರ ಹೆಸರು ಮಾತ್ರ ಹೇಳುತ್ತೇವೆ. 1992, 1996, 2000, ಹೀಗೆ ಮೂರು ಒಲಿಂಪಿಕ್ಸ್‌ಗಳಲ್ಲಿ ಈಜಿದವರು. ಜೊತೆಗೆ ವೈದ್ಯಕೀಯ ಓದಿ ಡಾಕ್ಟರ್ ಆದರು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆಗಿದ್ದರು. 'ಡಾಕ್ಟರ್' ಎಂದು ಬರೆಯುವ ಕಾಲಂನಲ್ಲಿ 'ಈಜುಗಾರ್ತಿ' ಎಂದೂ ಬರೆಯಲು ಜಾಗ ಇರುತ್ತದೆ.

ನಿಶಾ ಅವರು ಸಿಡ್ನಿಯಲ್ಲಿ ಈಜಿದ 200 ಮೀಟರ್ ಫ್ರೀಸ್ಟೈಲ್ ಅನ್ನೇ 24 ವರ್ಷಗಳ ನಂತರ, 2024ರ ಪ್ಯಾರಿಸ್‌ನಲ್ಲಿ, ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿನಲ್ಲಿ ಈಜಿದಳು. ಎಲ್ಲರೂ ಅವಳ ವಯಸ್ಸನ್ನೇ ಹೇಳಿ ಬೆರಗಾದರು. ಟ್ರಸ್ಟಿನವರಾದ ನಮಗೆ ಹೊಳೆದದ್ದು, ಆ ವಯಸ್ಸಿನ ಮಗುವಿಗೆ ಇನ್ನೂ ಎಸ್ಸೆಸ್ಸೆಲ್ಸಿ ಬಾಕಿ ಇರುತ್ತದೆ ಎಂಬುದು. ಆಟಗಾರರ ಆಟ ಮುಗಿಯುವ ವಯಸ್ಸಿಗೆ ಉಳಿದವರ ಕೆಲಸ ಆಗತಾನೇ ಶುರುವಾಗಿರುತ್ತದೆ. ಮುಂದೆ ಮೂವತ್ತು ನಲವತ್ತು ವರ್ಷದ ದುಡಿಮೆ ಬಾಕಿ. ಒಲಿಂಪಿಕ್ಸ್ ಈಜಿನಲ್ಲಿ ಭಾರತಕ್ಕೆ ಇದುವರೆಗೆ ಒಂದು ಪದಕವೂ ಬಂದಿಲ್ಲ ಎಂಬುದನ್ನೂ ಪೋಷಕರ ಮುಂದೆ ಮುಚ್ಚಿಡಬಾರದು.

ಇದನ್ನೆಲ್ಲ ಯೋಚಿಸಿ, ಟ್ರಸ್ಟಿನ ಸಭೆಯಲ್ಲಿ ಸಾಕಷ್ಟು ವಾದ ಮಾಡಿ, ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಕ್ರೀಡೆಯಲ್ಲಿರುವ ಮಗುವಿಗೂ ವಿದ್ಯಾರ್ಥಿವೇತನ ಉಂಟು. ಅದು ಓದಿಗೆ ಕೊಡುವ ಹಣ, ಪದಕಕ್ಕೆ ಕೊಡುವ ಬಹುಮಾನ ಅಲ್ಲ. ಆದ್ದರಿಂದ ಗಾಯವಾಯಿತು, ಆಯ್ಕೆ ತಪ್ಪಿತು, ಮಗುವಿಗೇ ಸಾಕೆನಿಸಿತು, ಯಾವ ಕಾರಣಕ್ಕೆ ಈಜು ನಿಂತರೂ ಕೋರ್ಸು ಮುಗಿಯುವವರೆಗೆ ವಿದ್ಯಾರ್ಥಿವೇತನ ನಿಲ್ಲುವುದಿಲ್ಲ. ಹಾಜರಾತಿ ಕಡಿಮೆ ಎಂದು ಕಾಲೇಜಿನವರು ತಕರಾರು ಮಾಡಿದರೆ ಸ್ಪರ್ಧೆಯ ಪತ್ರ ಹಿಡಿದು ನಿಮ್ಮ ಜೊತೆ ನಾವೇ ಬಂದು ಮಾತನಾಡುತ್ತೇವೆ.

ದಾನಿಗಳಲ್ಲಿ ಒಬ್ಬಿಬ್ಬರು ನೇರವಾಗಿ ಕೇಳಿದರು, ನಮ್ಮ ಜಕಾತ್ ಹಣ ಈಜುಕೊಳಕ್ಕೆ ಹೋಗುತ್ತದೆಯೇ ಎಂದು. ಹೋಗುವುದಿಲ್ಲ. ಜಕಾತ್ ಖಾತೆ ಪ್ರತ್ಯೇಕ, ಅದು ಅರ್ಹ ಬಡ ಮಕ್ಕಳಿಗೆ ಮಾತ್ರ. ಕೊಳದ ಫೀಸು, ಪ್ರಯಾಣ ಮುಂತಾದ್ದಕ್ಕೆ ಸಹಾಯ ಮಾಡಬೇಕಾದರೆ ಅದಕ್ಕೆಂದೇ ಹೇಳಿ ಕೊಟ್ಟ ದಾನದಿಂದ ಮಾತ್ರ ಮಾಡುತ್ತೇವೆ. ಅಂಥ ದಾನ ಕೊಡಲು ಇಷ್ಟವಿರುವವರು ರಸೀದಿಯಲ್ಲಿ 'ಕ್ರೀಡೆ' ಎಂದು ಬರೆಸಬೇಕು.

ಇನ್ನು ಅರ್ಜಿಯ ವಿಷಯ. ಹಿಂದಿನ ವರ್ಷದ ಅಂಕಪಟ್ಟಿ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನಕಲು ಎಲ್ಲರಿಗೂ ಬೇಕು. ಕ್ರೀಡೆಯ ಮಕ್ಕಳು ತರಬೇತುದಾರರ ಅಥವಾ ದೈಹಿಕ ಶಿಕ್ಷಕರ ಒಂದು ಪತ್ರವನ್ನೂ ಲಗತ್ತಿಸಬೇಕು. ಕೊನೆಯ ದಿನಾಂಕ ಇದೇ ವರದಿಯ ಪ್ರಕಟಣೆ ಪುಟದಲ್ಲಿದೆ. 'ಮುಂದೆ ಏನಾಗಬೇಕೆಂದಿದ್ದೀರಿ' ಎಂಬ ಕಾಲಂ ಅನ್ನು ಈ ವರ್ಷದಿಂದ ಎರಡು ಸಾಲು ಮಾಡಿದ್ದೇವೆ, ಒಂದು ಮಗು ಬರೆಯಲು, ಇನ್ನೊಂದು ಮನೆಯವರು ಬರೆಯಲು. ಎರಡೂ ಬೇರೆ ಬೇರೆ ಇದ್ದರೆ ಅರ್ಜಿ ತಿರಸ್ಕಾರ ಆಗುವುದಿಲ್ಲ. ಇಬ್ಬರನ್ನೂ ಕೂರಿಸಿ ಮಾತನಾಡುತ್ತೇವೆ, ಇನ್‌ಶಾ ಅಲ್ಲಾಹ್.