ನಲವತ್ತರ ಆಚೆಗೂ ಬೆಳೆಯುವ ಮನಸ್ಸು



ತೊಟ್ಟಿಲಿನಿಂದ ಮುಪ್ಪಿನವರೆಗೆ ಮನಸ್ಸು ಬೆಳೆಯುವ ಬಗೆಯನ್ನು ತೋರಿಸುವ ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಮಗು ತಾಯಿಯನ್ನು ಗುರುತಿಸುವುದು, ತೊದಲುವುದು ಎಲ್ಲರಿಗೂ ಪ್ರಿಯ; ಆ ಚಿತ್ರಗಳ ಮುಂದೆ ಜನ ತಾವಾಗಿಯೇ ನಿಲ್ಲುತ್ತಾರೆ. ನಾನು ಮಾತಾಡಬೇಕೆಂದಿರುವುದು ಹಜಾರದ ಆ ತುದಿಯಲ್ಲಿರುವ ನಡುವಯಸ್ಸು ಮತ್ತು ಮುಪ್ಪಿನ ಬಗ್ಗೆ.

1950ರಲ್ಲಿ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಬದುಕಿನ ಎಂಟು ಹಂತಗಳನ್ನು ವಿವರಿಸಿದರು; ಅವುಗಳಲ್ಲಿ ಮೂರು ಹದಿಹರೆಯದ ಆಚೆಯವು. ಮುಂದಿನ ತಲೆಮಾರಿಗೆ ಏನನ್ನಾದರೂ ಬೆಳೆಸುವುದೋ, ತನ್ನೊಳಗೇ ಬತ್ತಿಹೋಗುವುದೋ ಎಂಬುದು ನಡುವಯಸ್ಸಿನ ಪ್ರಶ್ನೆ ಎಂದರು. 1962ರಲ್ಲಿ ವಿಚಾರಗೋಷ್ಠಿಗೆಂದು ಅಹಮದಾಬಾದಿಗೆ ಬಂದ ಅವರನ್ನು ಅಲ್ಲಿನ 1918ರ ಗಿರಣಿ ಮುಷ್ಕರದ ಕಥೆ ಹಿಡಿದು ನಿಲ್ಲಿಸಿತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ; ಕೂಲಿಕಾರರ ಜೊತೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ. ಇಬ್ಬರ ನಡುವೆ, ಇಬ್ಬರಿಗೂ ಬೇಕಾದವರಾಗಿ ಉಪವಾಸ ಕೂತ ಗಾಂಧೀಜಿಗೆ ಆಗ 48 ವರ್ಷ. ಇಪ್ಪತ್ತರ ಆಸುಪಾಸಿನಲ್ಲಿ ಬೊಂಬಾಯಿಯ ನ್ಯಾಯಾಲಯದಲ್ಲಿ ಎದ್ದು ನಿಂತು, ಮಾತು ಹೊರಡದೆ ಕೂತುಬಿಟ್ಟ ವಕೀಲ ಇವರೇ. ಆ ತರುಣನಿಂದ ಈ ಕೆಲಸ ಆಗುತ್ತಿರಲಿಲ್ಲ. ಎರಿಕ್‌ಸನ್ ಈ ಮುಷ್ಕರದ ಮೇಲೆ ಬರೆದ ಪುಸ್ತಕ 1969ರಲ್ಲಿ ಹೊರಬಂತು. ಆಗ ಅವರೂ ಅರವತ್ತು ದಾಟಿದ್ದರು.

ಎರಿಕ್‌ಸನ್ನರ ಎಂಟು ಹಂತಗಳನ್ನು ಹತ್ತಿ ಮುಗಿಸುವ ಮೆಟ್ಟಿಲೆಂದು ನಾನು ಒಪ್ಪುವುದಿಲ್ಲ. ಹರೆಯದಲ್ಲಿ ಬಿಟ್ಟುಬಂದ ಪ್ರಶ್ನೆ ಎಪ್ಪತ್ತರಲ್ಲೂ ಎದುರಾಗುತ್ತದೆ.

ವಯಸ್ಸಾದ ಮೇಲೆ ಬುದ್ಧಿ ಇಳಿಮುಖವೇ ಎನ್ನುವವರು ಅಮೆರಿಕದ ಸಿಯಾಟಲ್‌ನಲ್ಲಿ ಮನಃಶಾಸ್ತ್ರಜ್ಞ ವಾರ್ನರ್ ಶಾಯ್ 1956ರಲ್ಲಿ ಆರಂಭಿಸಿದ ಅಧ್ಯಯನವನ್ನು ನೋಡಬೇಕು. ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸಿದರು. ಗ್ರಹಿಕೆಯ ವೇಗ ಬೇಗ ತಗ್ಗುತ್ತದೆ, ನಿಜ. ಆದರೆ ಶಬ್ದಜ್ಞಾನ, ತರ್ಕಶಕ್ತಿ ನಡುವಯಸ್ಸಿನಲ್ಲೇ ಅತಿ ಎತ್ತರಕ್ಕೆ ಏರುತ್ತವೆ. 64 ದಾಟಿದವರಿಗೆ ಶಾಯ್ ಮತ್ತು ಅವರ ಸಹಸಂಶೋಧಕಿ ಶೆರಿ ವಿಲ್ಲಿಸ್ ಬರೀ ಐದು ಗಂಟೆಗಳ ತರಬೇತಿ ಕೊಟ್ಟಾಗ, ಹಿಂದೆ ಬಿದ್ದಿದ್ದವರಲ್ಲಿ ಸುಮಾರು ಶೇ. 40 ಮಂದಿ ತಮ್ಮ 14 ವರ್ಷ ಹಿಂದಿನ ಮಟ್ಟಕ್ಕೆ ಮರಳಿದರು. ಅಂದರೆ ಕಳೆದುಕೊಂಡದ್ದರಲ್ಲಿ ಒಂದಷ್ಟು ಬಳಸದೆ ಬಿಟ್ಟದ್ದು.

"ಇನ್ನು ನಿಮಗ್ಯಾಕೆ ಇದೆಲ್ಲ, ರಾಮಾ ಕೃಷ್ಣಾ ಅಂತ ಇರಿ" ಎಂದು ಹಿರಿಯರನ್ನು ಮೂಲೆಯಲ್ಲಿ ಕೂರಿಸುವ ನಮ್ಮ ರೂಢಿ ಅನ್ಯಾಯದ್ದು. ಪ್ರದರ್ಶನ ಮುಗಿಯುವುದರೊಳಗೆ ನಿಮ್ಮ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಇಲ್ಲಿಗೆ ಕರೆತನ್ನಿ. ನೀವು ವಿವರಿಸಲು ಹೋಗಬೇಡಿ. ಐವತ್ತರಲ್ಲಿ ಏನು ಕಲಿತಿರಿ, ಈಗ ಏನು ಕಲಿಯುವ ಆಸೆಯಿದೆ ಎಂದು ಅವರನ್ನೇ ಕೇಳಿ, ಕಲಿಯುವುದಕ್ಕೆ ಜೊತೆಯಾಗಿ.