ಕಲಸುಮೇಲೋಗರ



ಗಡಿನಾಡಿನ ನಮ್ಮ ಮಕ್ಕಳು ಒಳನಾಡಿಗೆ ಹೋದಾಗ ಆಗಾಗ ಕೇಳಬೇಕಾಗಿ ಬರುವ ಮಾತೊಂದುಂಟು: “ನಿಮ್ಮದು ಕಲಸುಮೇಲೋಗರದ ಕನ್ನಡ.” ಇದನ್ನು ಕೇಳಿ ಬಾಯಿ ಮುಚ್ಚಿಕೊಳ್ಳುವ ಮಗು ಕ್ರಮೇಣ ಕನ್ನಡವನ್ನೇ ಬಿಟ್ಟುಬಿಡುವ ಭಯವಿದೆ. ಆದುದರಿಂದ ಈ ಶಬ್ದದ ಅರ್ಥವನ್ನೇ ಇಂದು ವಿಚಾರಿಸೋಣ.

‘ಓಗರ’ವೆಂದರೆ ಹಳಗನ್ನಡದಲ್ಲಿ ಅನ್ನ, ಊಟ. ಆ ಶಬ್ದವು ಬಳಕೆಯಿಂದ ಮರೆಯಾದರೂ ಪುಳಿಯೋಗರೆಯಲ್ಲಿ ಇನ್ನೂ ಉಳಿದಿದೆ. ಅನ್ನದ ಮೇಲೆ ಬಡಿಸುವ ವ್ಯಂಜನವೇ ಮೇಲೋಗರ. ಹಲವನ್ನು ಕೂಡಿಸಿ ಕಲಸಿದರೆ ಕಲಸುಮೇಲೋಗರ. ಅಡಿಗೆಮನೆಯ ಈ ಮಾತು ಕಾಲಾಂತರದಲ್ಲಿ ಗೊಂದಲಕ್ಕೆ ಹೆಸರಾಯಿತು. ಮಲೆಯಾಳದ ಅವಿಯಲಿಗೂ ಮರಾಠಿಯ ಖಿಚಡಿಗೂ ಇದೇ ಗತಿ ಒದಗಿದೆ.

ಭಾಷೆಯ ಬೆರಕೆಯನ್ನು ಕುರಿತು ನಮ್ಮ ಪೂರ್ವಿಕರೂ ಚಿಂತಿಸಿದ್ದರು. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗವು, ಸಂಸ್ಕೃತ ಕನ್ನಡಗಳನ್ನು ಹೊಂದಿಕೆಯಿಲ್ಲದೆ ಸಮಾಸ ಮಾಡುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದುದಕ್ಕೆ ಹೋಲಿಸಿತು. 1260ರ ಸುಮಾರಿನಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಇಂತಹ ಅರಿಸಮಾಸವನ್ನು ದೋಷವೆಂದನು; ಆದರೆ ಬಿರುದಾವಳಿಗಳಲ್ಲಿ ಅದನ್ನು ಒಪ್ಪಿದನು. ತತ್ಸಮ ತದ್ಭವಗಳಿಗೂ ಅವನ ವ್ಯಾಕರಣದಲ್ಲಿ ಸ್ಥಾನವುಂಟು. ಹಿರಿಯರು ಬೇಡವೆಂದುದು ಬೆರಕೆಯನ್ನಲ್ಲ, ಹಾಲನ್ನು ಒಡೆಯುವ ಬೆರಕೆಯನ್ನು.

ಹಾಗಾದರೆ ಹಾಲು ಒಡೆದುದನ್ನು ತಿಳಿಯುವುದೆಂತು? “ಚಾವಿಯನ್ನು ಕುರ್ಚಿಯ ಮೇಲೆ ಇಡು” ಎನ್ನುತ್ತೇವೆ. ಚಾವಿ ಪೋರ್ಚುಗೀಸರದು, ಕುರ್ಚಿ ಅರಬ್ಬಿಯ ಮೂಲದ್ದು. ಆದರೆ ವಿಭಕ್ತಿ ಕನ್ನಡದ್ದು, ಕ್ರಿಯಾಪದ ಕನ್ನಡದ್ದು. ಇಲ್ಲಿ ಓಗರ ನಮ್ಮದೇ, ಮೇಲೋಗರ ಮಾತ್ರ ನೆರೆಮನೆಯದು. “ಬುಕ್ಕನ್ನು ರೀಡ್ ಮಾಡಿ ಫಿನಿಶ್ ಮಾಡಿದೆ” ಎಂಬಲ್ಲಿಯಾದರೋ ಓದು, ಮುಗಿಸು ಎಂಬ ನಮ್ಮ ಧಾತುಗಳೇ ಎಲೆಯಿಂದ ಎದ್ದುಹೋಗಿವೆ. ಇಂತಹ ವಾಕ್ಯವು ಗಡಿನಾಡಿಗಿಂತ ದೊಡ್ಡ ಪಟ್ಟಣಗಳಲ್ಲಿಯೇ ಹೆಚ್ಚಾಗಿ ಕಿವಿಗೆ ಬೀಳುತ್ತದೆಯೆಂಬುದನ್ನು ನಮ್ಮನ್ನು ಹಳಿಯುವವರು ಗಮನಿಸಬೇಕು.

ನಮ್ಮ ನೆಲದ ಹಿರಿಯರನ್ನೇ ನೋಡಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಅನೇಕ ಭಾಷೆಗಳ ನಡುವೆ ಬಾಳಿದ ಇವರಿಂದ ಕನ್ನಡಕ್ಕೆ ಸಂದುದು ಸಂಪತ್ತೇ ಹೊರತು ಕಲ್ಮಷವಲ್ಲ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಇಲ್ಲಿಯ ಕನ್ನಡ ಬತ್ತಲಿಲ್ಲ.

ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನನ್ನ ಬಿನ್ನಹವಿಷ್ಟೇ. ಮಕ್ಕಳು ಅಂಗಡಿಯಿಂದ ಮಲೆಯಾಳದ ಒಂದು ಶಬ್ದವನ್ನು ತಂದರೆ ಗದರಿಸಬೇಡಿರಿ. ಆ ಶಬ್ದಕ್ಕೆ ಕನ್ನಡದ ಪ್ರತ್ಯಯ ಹತ್ತಿದೆಯೆ, ವಾಕ್ಯದ ಕೊನೆಗೆ ಕನ್ನಡದ ಕ್ರಿಯಾಪದ ಬಂದಿದೆಯೆ ಎಂಬುದನ್ನು ನೋಡಿರಿ. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿಸಿರಿ. ಅನ್ನವು ಮನೆಯದಾಗಿದ್ದರೆ ಮೇಲೋಗರ ಎಷ್ಟು ಬಗೆಯದಾದರೂ ಊಟ ನಮ್ಮದೇ.